ಮೂರು ಸೋಲು, ಒಂದು ಗೆಲುವು

ಕೆಲವು ವರ್ಷಗಳ ಹಿಂದೆ ಒಂದು ಕಥಾಸ್ಪರ್ಧೆಯ ಮೊದಲ ಸುತ್ತಿನ ಓದಿಗೆ ನನ್ನನ್ನು ಕರೆದಿದ್ದರು. ಅರವತ್ತು ಕಥೆ, ನಾವು ಮೂವರು, ತಲಾ ಇಪ್ಪತ್ತು. ಒಬ್ಬರ ಕೈ ಧಾರಾಳ, ಎಂಬತ್ತಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ನನ್ನದು ಐವತ್ತು ದಾಟುತ್ತಿರಲಿಲ್ಲ. ಕೊನೆಗೆ ಮೂರು ಪಟ್ಟಿಯನ್ನೂ ಒಂದೇ ಸಾಲಿಗೆ ತಂದು ಮೊದಲ ಹತ್ತನ್ನು ಮುಂದಕ್ಕೆ ಕಳಿಸಿದೆವು. ನನ್ನ ಕಟ್ಟಿನಲ್ಲಿದ್ದ ಒಂದು ಒಳ್ಳೆಯ ಕಥೆ ಉಳಿಯಲಿಲ್ಲ. ಅದು ಕಥೆಯ ಸೋಲೋ ನನ್ನ ಜಿಪುಣತನದ ಫಲವೋ ಎಂಬ ಅಳುಕು ಇನ್ನೂ ಹೋಗಿಲ್ಲ.

ಆ ಅಳುಕಿನ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಅಮೆರಿಕದ ಕಾಲೇಜು ಹಾಕಿಯ ಚರಿತ್ರೆ. ಅಲ್ಲಿ ಹಾಕಿ ಎಂದರೆ ನಮ್ಮ ಧ್ಯಾನ್‌ಚಂದರ ಮೈದಾನದ ಆಟವಲ್ಲ, ಮಂಜುಗಡ್ಡೆಯ ಮೇಲಿನ ಆಟ. ಮೇಲಿನ ದರ್ಜೆಯಲ್ಲಿ ಅರವತ್ತರ ಆಸುಪಾಸು ತಂಡಗಳಿವೆ. ಒಂದೊಂದು ತಂಡ ಇಡೀ ಋತುವಿನಲ್ಲಿ ಆಡುವುದು ಮೂವತ್ತು ಚಿಲ್ಲರೆ ಪಂದ್ಯ, ಅದರಲ್ಲೂ ಬಹುಪಾಲು ತನ್ನ ಲೀಗಿನೊಳಗೇ. ಬಹಳಷ್ಟು ತಂಡಗಳು ಒಂದರ ಮುಖ ಒಂದು ನೋಡುವುದೇ ಇಲ್ಲ. ಆದರೂ ಯಾರು ಮೇಲು ಎಂದು ಹೇಳಲೇಬೇಕು. ನಮ್ಮ ಅರವತ್ತು ಕಥೆಗಳ ಗೋಳೇ ಇದು.

1948ರಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ಮೊದಲ ರಾಷ್ಟ್ರೀಯ ಹಾಕಿ ಟೂರ್ನಿಯನ್ನು ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ನಡೆಸಿತು. ಆಡಿದ್ದು ನಾಲ್ಕೇ ತಂಡ. ಮಿಷಿಗನ್ ಫೈನಲ್‌ನಲ್ಲಿ ಡಾರ್ಟ್‌ಮತ್ತನ್ನು 8-4ರಿಂದ ಸೋಲಿಸಿತು. ಸ್ಥಾನಗಳು 1988ರಲ್ಲಿ ಹನ್ನೆರಡಾದವು, 2003ರಲ್ಲಿ ಹದಿನಾರು. ಸ್ಥಾನ ಹೆಚ್ಚಿದಂತೆ ತಕರಾರು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಮೊದಲನೆಯದು ಯಾವುದು ಎನ್ನುವುದಕ್ಕಿಂತ, ಹದಿನಾರನೆಯದು ಯಾವುದು, ಹದಿನೇಳನೆಯದು ಯಾವುದು ಎಂದು ಹೇಳುವುದು ಯಾವಾಗಲೂ ಕಷ್ಟ.

ಜನ ನೋಡುವುದು ವಾರವಾರ ಬರುವ ಮತದಾನದ ಪಟ್ಟಿ. ತರಬೇತುದಾರರೂ ಪತ್ರಕರ್ತರೂ ತಮಗೆ ತೋಚಿದ ಇಪ್ಪತ್ತು ತಂಡಗಳನ್ನು ಸಾಲಾಗಿ ಬರೆಯುತ್ತಾರೆ. ಮೊದಲ ಸ್ಥಾನಕ್ಕೆ ಇಪ್ಪತ್ತು ಅಂಕ, ಕೊನೆಯದಕ್ಕೆ ಒಂದು. ಹಳೆಯ ಹೆಸರಿನ ಮೋಹ, ಕಳೆದ ಶನಿವಾರದ ನೆನಪು, ತಮ್ಮ ಸೀಮೆಯ ಅಭಿಮಾನ ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತವೆ. ಟೂರ್ನಿಗೆ ತಂಡಗಳನ್ನು ಆರಿಸುವಾಗ ಮಾತ್ರ ಈ ಪಟ್ಟಿಗೆ ಯಾವ ಬೆಲೆಯೂ ಇಲ್ಲ. ಅಲ್ಲಿ ನಡೆಯುವುದು ಲೆಕ್ಕ.

ಬಹಳ ಕಾಲ ಆ ಲೆಕ್ಕದ ಬುನಾದಿಯಾಗಿದ್ದದ್ದು ಆರ್‌ಪಿಐ ಎಂಬ ಸೂಚ್ಯಂಕ. ನಿಮ್ಮ ಗೆಲುವಿನ ಪ್ರಮಾಣ, ನಿಮ್ಮ ಎದುರಾಳಿಗಳ ಗೆಲುವಿನ ಪ್ರಮಾಣ, ಅವರ ಎದುರಾಳಿಗಳ ಗೆಲುವಿನ ಪ್ರಮಾಣ, ಈ ಮೂರನ್ನೂ ಬೇರೆ ಬೇರೆ ತೂಕದಲ್ಲಿ ಕೂಡಿಸುವುದು. ನಿಮ್ಮ ಸ್ವಂತ ಗೆಲುವಿಗೆ ಅದರಲ್ಲಿ ಸುಮಾರು ಕಾಲುಭಾಗದ ತೂಕ ಮಾತ್ರ. ಹಾಗಾಗಿ ತೀರಾ ದುರ್ಬಲ ತಂಡವನ್ನು ಸೋಲಿಸಿದರೆ, ಗೆದ್ದೂ ನಿಮ್ಮ ಅಂಕ ಇಳಿಯುತ್ತಿತ್ತು! ಅಂಥ ಗೆಲುವುಗಳನ್ನು ಲೆಕ್ಕದಿಂದ ಬಿಟ್ಟುಬಿಡುವ ತೇಪೆಯನ್ನು ಆಮೇಲೆ ಹಾಕಿದರು. ಇದರ ಮೇಲೆ ಪೇರ್‌ವೈಸ್ ಎಂಬ ಪದ್ಧತಿ ನಿಂತಿತ್ತು. ಪ್ರತಿ ತಂಡವನ್ನೂ ಮತ್ತೊಂದರ ಪಕ್ಕ ಜೋಡಿಯಾಗಿ ನಿಲ್ಲಿಸಿ, ಆರ್‌ಪಿಐ, ಇಬ್ಬರಿಗೂ ಸಮಾನರಾದ ಎದುರಾಳಿಗಳ ವಿರುದ್ಧದ ಫಲಿತಾಂಶ, ಮುಖಾಮುಖಿ ಪಂದ್ಯಗಳು, ಇವುಗಳಿಂದ ಜೋಡಿಯಲ್ಲಿ ಗೆದ್ದವರನ್ನು ತೀರ್ಮಾನಿಸುವುದು. ಹೆಚ್ಚು ಜೋಡಿ ಗೆದ್ದವರು ಮೇಲೆ. ಈಚೆಗೆ ಎನ್‌ಸಿಎಎ ಎನ್‌ಪಿಐ ಎಂಬ ಹೊಸ ಸೂಚ್ಯಂಕಕ್ಕೆ ಹೊರಳಿದೆ.

ಅಭಿಮಾನಿಗಳ ನಡುವೆ ಇನ್ನೊಂದು ಲೆಕ್ಕವಿದೆ. ಕೆನ್ ಬಟ್ಲರ್ ಅವರ ಹೆಸರು ಹೊತ್ತ ಅದನ್ನು ಕ್ರ್ಯಾಚ್ ಎನ್ನುತ್ತಾರೆ. ಒಂದು ತಂಡದ ಬಲ 300, ಇನ್ನೊಂದರದು 100 ಆದರೆ, ನಾಲ್ಕು ಸಲ ಆಡಿದರೆ ಮೂರು ಸಲ ಮೊದಲನೆಯದು ಗೆಲ್ಲಬಹುದು ಎಂದರ್ಥ. ಆಗಿಹೋದ ಫಲಿತಾಂಶಗಳಿಗೆ ಸರಿಹೊಂದುವಂತೆ ಎಲ್ಲರ ಬಲವನ್ನೂ ಒಟ್ಟಿಗೇ ಕಂಡುಹಿಡಿಯುತ್ತದೆ. ಇದರ ಬೇರು ಹಾಕಿಯಲ್ಲಿಲ್ಲ. ಗಣ ಸಿದ್ಧಾಂತಕ್ಕೆ ಹೆಸರಾದ ಜರ್ಮನಿಯ ಅರ್ನ್ಸ್ಟ್ ಝೆರ್ಮೆಲೊ 1929ರಲ್ಲಿ ಚೆಸ್ ಆಟಗಾರರನ್ನು ಅಳೆಯಲು ಈ ದಾರಿ ಹುಡುಕಿದ. 1952ರಲ್ಲಿ ಬ್ರಾಡ್ಲಿ ಮತ್ತು ಟೆರ್ರಿ ಎಂಬಿಬ್ಬರು ಜೋಡಿಜೋಡಿಯಾಗಿ ಹೋಲಿಸುವ ಪ್ರಯೋಗಗಳಿಗಾಗಿ ಇದನ್ನೇ ಮತ್ತೆ ಕಂಡುಕೊಂಡರು. ರುಚಿ ನೋಡುವವನಿಗೆ ನೂರಕ್ಕೆ ಎಷ್ಟು ಎಂದು ಕೇಳಿದರೆ ತಡವರಿಸುತ್ತಾನೆ. ಎರಡರಲ್ಲಿ ಯಾವುದು ಚೆಂದ ಎಂದರೆ ತಟ್ಟನೆ ಹೇಳುತ್ತಾನೆ. ಇದನ್ನು ಓದಿದಾಗ ನನಗೆ ನಮ್ಮ ಎಂಬತ್ತು ಮತ್ತು ಐವತ್ತು ನೆನಪಾದವು.

ಇಷ್ಟೆಲ್ಲ ಲೆಕ್ಕದ ಬಿಸಿ ತಟ್ಟಿದ ವರ್ಷ 2013. ಯೇಲ್ ವಿಶ್ವವಿದ್ಯಾಲಯದ ತಂಡ ತನ್ನ ಲೀಗಿನ ಕೊನೆಯ ಎರಡು ಪಂದ್ಯಗಳನ್ನು ಒಂದೂ ಗೋಲು ಹೊಡೆಯದೆ ಸೋತಿತು. ಎರಡನೆಯದು ನೆರೆಯೂರಿನ ಕ್ವಿನಿಪಿಯಾಕ್ ಎದುರು, ಆ ಋತುವಿನಲ್ಲಿ ಅದರ ಕೈಯಲ್ಲಿ ಮೂರನೇ ಸೋಲು. ಇನ್ನು ಯೇಲ್ ಆಡುವಂತಿರಲಿಲ್ಲ, ಕಾಯಬೇಕಿತ್ತು. ಬೇರೊಂದು ಲೀಗಿನ ಫೈನಲ್‌ನಲ್ಲಿ ಮಿಷಿಗನ್ ಗೆದ್ದಿದ್ದರೆ ಆ ಸ್ಥಾನ ಅದರ ಪಾಲಾಗಿ ಯೇಲ್ ಹೊರಗುಳಿಯುತ್ತಿತ್ತು. ಮಿಷಿಗನ್ ನಾಟರ್‌ಡೇಮ್‌ಗೆ ಸೋತಿತು. ಯೇಲ್ ಹದಿನಾರರ ಪಟ್ಟಿಯ ತಳದಲ್ಲಿ ತೂರಿಕೊಂಡಿತು.

ಆಮೇಲೆ ಅದು ಮಿನ್ನೆಸೋಟವನ್ನು ಹೆಚ್ಚುವರಿ ಸಮಯದಲ್ಲಿ ಸೋಲಿಸಿತು, ನಾರ್ತ್ ಡಕೋಟವನ್ನು ಸೋಲಿಸಿತು, ಮ್ಯಾಸಚೂಸೆಟ್ಸ್-ಲೋವೆಲನ್ನು ಸೋಲಿಸಿತು. ಏಪ್ರಿಲ್ 13ರಂದು ಪಿಟ್ಸ್‌ಬರ್ಗ್‌ನ ಫೈನಲ್‌ನಲ್ಲಿ ಎದುರಿಗಿದ್ದದ್ದು ಟೂರ್ನಿಯ ಮೊದಲ ಶ್ರೇಯಾಂಕದ ತಂಡ, ಅದೇ ಕ್ವಿನಿಪಿಯಾಕ್. ಯೇಲ್ 4-0ರಿಂದ ಗೆದ್ದಿತು. ಅದರ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು.

ಹಾಗಾದರೆ ಲೆಕ್ಕ ತಪ್ಪೇ? ನಾಲ್ಕು ಮುಖಾಮುಖಿಯಲ್ಲಿ ಮೂರನ್ನು ಗೆದ್ದದ್ದು ಕ್ವಿನಿಪಿಯಾಕ್. ನಾಲ್ಕರಲ್ಲಿ ಮೂರು ಎಂದರೆ ನಾಲ್ಕನೆಯದೂ ಒಂದಿದೆ ಎಂದು ಲೆಕ್ಕವೇ ಹೇಳುತ್ತದೆ. ಅದು ಯಾವ ದಿನ ಬರುತ್ತದೆ ಎಂದು ಹೇಳುವುದಿಲ್ಲ, ಅಷ್ಟೇ. ಆ ದಿನ ಯೇಲ್ ಮಂಜುಗಡ್ಡೆಯ ಮೇಲೆ ಇರಬೇಕಾಗಿತ್ತು, ಪಟ್ಟಿ ಅದಕ್ಕೆ ಅಷ್ಟು ಜಾಗ ಕೊಟ್ಟಿತು.

ಇನ್ನೊಮ್ಮೆ ಯಾರಾದರೂ ಕಥೆ ಓದಲು ಕರೆದರೆ ನನ್ನದು ಎರಡೇ ಷರತ್ತು. ಅಂಕ ಕೇಳಬೇಡಿ, ಎರಡೆರಡು ಕಥೆ ಕೊಟ್ಟು ಯಾವುದು ಮೇಲು ಎಂದು ಕೇಳಿ. ಮತ್ತೆ, ಹತ್ತರ ಬದಲು ಹದಿನೈದನ್ನು ಮುಂದಕ್ಕೆ ಕಳಿಸಿ.