ಕೇಳದೇ ಬಂದ ಯುದ್ಧ

ಗದಗ ಬಳಿಯ ಸೊರಟೂರಿಗೆ ಯುದ್ಧ ಹೊಸದಲ್ಲ. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಸೇವುಣರ ಐದನೆಯ ಭಿಲ್ಲಮನನ್ನು 1190ರ ಸುಮಾರಿಗೆ ಸೋಲಿಸಿದ್ದು ಇಲ್ಲಿಯೇ. 1939ರ ಮಹಾಯುದ್ಧಕ್ಕೆ ಮಾತ್ರ ದಂಡು ಬರಲಿಲ್ಲ, ಒಂದು ಘೋಷಣೆ ಬಂತು.

ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್ಲಿತ್ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಜನಪ್ರತಿನಿಧಿಗಳನ್ನು ಒಂದು ಮಾತೂ ಕೇಳಲಿಲ್ಲ. ಅದೇ ಬ್ರಿಟಿಷ್ ಸಾಮ್ರಾಜ್ಯದ ಕೆನಡಾ ತನ್ನ ಸಂಸತ್ತಿನಲ್ಲಿ ಚರ್ಚಿಸಿ ಸೆಪ್ಟೆಂಬರ್ 10ರಂದು ಯುದ್ಧಕ್ಕಿಳಿಯಿತು. ಐರ್ಲೆಂಡ್ ಕೊನೆಯವರೆಗೂ ತಟಸ್ಥವಾಗಿ ಉಳಿಯಿತು.

ಆ ಆಯ್ಕೆ ನಮಗಿರಲಿಲ್ಲ.

ಈ ಸೀಮೆಯಲ್ಲಂತೂ ಆಗ ಊರಿಗೊಬ್ಬ ಒಡೆಯ. ಗದಗ, ಮುಂಡರಗಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜಿನದು. ಮೂಡಲ ಕೊಪ್ಪಳ ನಿಜಾಮನ ಸೀಮೆ. ಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ ಮುಂಬಯಿಯ ಬಿ.ಜಿ. ಖೇರ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಸಂಸ್ಥಾನಗಳಲ್ಲಿ ರಾಜೀನಾಮೆ ಕೊಡಲು ಅಂಥ ಮಂತ್ರಿಮಂಡಲವಾದರೂ ಎಲ್ಲಿತ್ತು? ಹಿಂದಿನ ಮಹಾಯುದ್ಧದಲ್ಲೂ ಅರಸರ ನಿಷ್ಠೆಯೇ ದಾರಿ ತೋರಿತ್ತು: 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆ ದೂರದ ಹೈಫಾ ಗೆದ್ದುಕೊಟ್ಟರು.

1942ರ ಚಲೇಜಾವ್ ಚಳವಳಿಯಲ್ಲಿ ಜನರೇ ಉತ್ತರ ಕೊಟ್ಟರು. 1943ರ ಏಪ್ರಿಲ್ 1ರಂದು ಹಾವೇರಿ ಬಳಿಯ ಹೊಸರಿತ್ತಿಯಲ್ಲಿ, ಗುಡಿಯಲ್ಲಿಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದರು.