ಶೀಲ್ಡ್ ಪಂದ್ಯದ ಮುನ್ನಾದಿನಗಳು

ನಾಳೆ ಅಂತಿಮ ಪಂದ್ಯವೆಂದರೆ ಇಂದೇ ಅನ್ನ ರುಚಿಸದ, ನಿದ್ರೆ ಹತ್ತದ ಅಭಿಮಾನಿಗಳ ಪಂಗಡಕ್ಕೆ ಸೇರಿದವನು ನಾನು. ಆದುದರಿಂದ ಭಾರತದ ಫುಟ್‌ಬಾಲ್ ಚರಿತ್ರೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು 1911ರ ಜುಲೈ 29ರ ಶನಿವಾರದ ವಿಜಯದಲ್ಲಿ ಅಲ್ಲ, ಅದಕ್ಕೆ ಮುಂಚಿನ ಎರಡು ಮೂರು ದಿನಗಳ ತಳಮಳದಲ್ಲಿ. ಆ ಶನಿವಾರ ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡವು ಐ.ಎಫ್.ಎ. ಶೀಲ್ಡಿಗಾಗಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಎದುರಿಸಬೇಕಾಗಿತ್ತು; 1893ರಲ್ಲಿ ಆರಂಭವಾದ ಆ ಶೀಲ್ಡನ್ನು ಭಾರತೀಯರ ಯಾವ ತಂಡವೂ ಅದುವರೆಗೆ ಗೆದ್ದಿದ್ದಿಲ್ಲ.

1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಕ್ಲಬ್ಬು 1911ರಲ್ಲಿ ಸೇಂಟ್ ಝೇವಿಯರ್ಸ್, ರೇಂಜರ್ಸ್, ರೈಫಲ್ ಬ್ರಿಗೇಡ್ ತಂಡಗಳನ್ನು ದಾಟಿ, ಉಪಾಂತ್ಯದಲ್ಲಿ ಮಿಡಲ್‌ಸೆಕ್ಸ್ ಪಲ್ಟನಿನೊಡನೆ ಮೊದಲು ಒಂದೊಂದು ಗೋಲಿನಿಂದ ಸಮನಾಗಿ, ಮರುಪಂದ್ಯದಲ್ಲಿ ಮೂರು ಗೋಲುಗಳಿಂದ ಗೆದ್ದು ಬಂದಿತ್ತು. ಆದರೂ ಅಭಿಮಾನಿಯ ಲೆಕ್ಕಾಚಾರಕ್ಕೆ ಸಮಾಧಾನವೆಲ್ಲಿ? ಎದುರಾಳಿಗಳ ಕಾಲಿಗೆ ಬೂಟು, ಮೈಯಲ್ಲಿ ಸಿಪಾಯಿಯ ಕಸುವು. ನಮ್ಮವರಲ್ಲಿ ಸುಧೀರ್ ಚಟರ್ಜಿಯೊಬ್ಬರನ್ನುಳಿದು ಮಿಕ್ಕವರೆಲ್ಲರೂ ಬರಿಗಾಲಿನವರು. ಒಣನೆಲದಲ್ಲಿ ಚೆಂಡಿನೊಡನೆ ಚಕ್ಕನೆ ಹೊರಳುವ ಬರಿಗಾಲು ಕೆಸರಿನಲ್ಲಿ ಜಾರುವುದು. ಜುಲೈಯಾದರೋ ಬಂಗಾಳದಲ್ಲಿ ಮಳೆಯ ತಿಂಗಳು. ಈ ಆತಂಕಗಳಿಗೆಲ್ಲ ಪ್ರತಿಯಾಗಿ ಇದ್ದ ಭರವಸೆಯೆಂದರೆ ಎಡಪಾರ್ಶ್ವದಲ್ಲಿ ಜೊತೆಯಾಗಿ ಆಡುತ್ತಿದ್ದ ಸೋದರರು, ನಾಯಕ ಶಿವದಾಸ ಭಾದುಡಿ ಮತ್ತು ವಿಜಯದಾಸ ಭಾದುಡಿ.

ಪಂದ್ಯದ ದಿನ ವಿಶೇಷ ರೈಲುಗಳು ಓಡಿದುವು, ನದಿಯ ಮೇಲೆ ಹೆಚ್ಚಿನ ಸ್ಟೀಮರುಗಳು ಬಂದುವು. ಎರಡು ರೂಪಾಯಿಯ ಟಿಕೆಟ್ಟು ಹದಿನೈದು ರೂಪಾಯಿಗೆ ಮಾರಾಟವಾಯಿತೆಂದು ವರದಿಗಳುಂಟು. ನೆರೆದವರ ಸಂಖ್ಯೆಯನ್ನು ಎಂಬತ್ತು ಸಾವಿರದಿಂದ ಒಂದು ಲಕ್ಷದವರೆಗೆ ಅಂದಾಜು ಮಾಡಿದ್ದಾರೆ. ಮರಗಳನ್ನೇರಿದವರಿಗೂ ಆಟ ಸರಿಯಾಗಿ ಕಾಣದು. ಹಿಂದೆ ನಿಂತವರಿಗಂತೂ ಚೆಂಡಿನ ಸುಳಿವೇ ಇಲ್ಲ. ಇಂಥವರಿಗಾಗಿ ಗೋಲಿನ ಲೆಕ್ಕ ಬರೆದ ಗಾಳಿಪಟಗಳನ್ನು ಮೇಲಕ್ಕೆ ಹಾರಿಸಿದರು. ಆಟವನ್ನು ಕಾಣುವ ಆಸೆಯಿಲ್ಲದೆ, ಆಕಾಶದಲ್ಲಿ ಒಂದು ಕಾಗದದ ತುಂಡನ್ನು ಓದುವುದಕ್ಕಾಗಿ ಊರು ಬಿಟ್ಟು ಬಂದ ಆ ಸಾವಿರಾರು ಜನರೇ ನನ್ನ ದೃಷ್ಟಿಯಲ್ಲಿ ಅಭಿಮಾನಿಗಳ ಕುಲದ ಮೂಲಪುರುಷರು.

ಅವರನ್ನು ಅಲ್ಲಿಗೆ ಸೆಳೆದುದು ಕೇವಲ ಕ್ರೀಡಾಸಕ್ತಿಯೆನ್ನಲಾಗದು. 1905ರ ವಂಗವಿಭಜನೆಯ ಗಾಯವಿನ್ನೂ ಹಸಿಯಾಗಿತ್ತು. ಬಂಗಾಳಿಯು ದೇಹದಾರ್ಢ್ಯವಿಲ್ಲದವನೆಂಬ ಆಳರಸರ ತಾತ್ಸಾರವು ಮೆಕಾಲೆಯ ಕಾಲದಿಂದಲೂ ಕಿವಿಯಲ್ಲಿತ್ತು. 1911ರ ಡಿಸೆಂಬರ್ 12ರಂದು ದೆಹಲಿಯ ದರ್ಬಾರಿನಲ್ಲಿ ವಿಭಜನೆಯ ರದ್ದತಿಯೂ ರಾಜಧಾನಿಯ ಸ್ಥಳಾಂತರವೂ ಘೋಷಿತವಾದಾಗ, ಇವೆಲ್ಲ ಆ ಪಂದ್ಯದ ಫಲವೆಂದು ನಂಬಿದವರೂ ಉಂಟು. ಇದು ಅಭಿಮಾನದ ಅತಿಶಯೋಕ್ತಿ. ಸಾಮ್ರಾಜ್ಯಗಳ ನಿರ್ಣಯಗಳು ಆಟದ ಬಯಲಿನಲ್ಲಿ ಆಗುವುವಲ್ಲ. ಆದರೆ ನಿತ್ಯವೂ ತಲೆ ತಗ್ಗಿಸಿ ನಡೆದವನು ಒಂದು ಸಂಜೆ ತಲೆಯೆತ್ತಿ ಮನೆಗೆ ಮರಳುವುದೂ ಚರಿತ್ರೆಯಲ್ಲಿ ಸಣ್ಣ ಘಟನೆಯಲ್ಲ.

ಆ ಸಂಜೆ ಮೊದಲ ಗೋಲು ಹೊಡೆದವನು ಯಾರ್ಕ್‌ಶೈರಿನ ಜ್ಯಾಕ್ಸನ್. ಶಿವದಾಸರು ಅದನ್ನು ಸರಿಗಟ್ಟಿದರು. ಆಟ ಮುಗಿಯುತ್ತ ಬಂದಾಗ ಅಭಿಲಾಷ ಘೋಷರು ಎರಡನೆಯದನ್ನು ಹೊಡೆದರು. ಶೀಲ್ಡು ಬರಿಗಾಲಿನವರ ಪಾಲಾಯಿತು.

ಇದನ್ನು ಬಲ್ಲ ಕನ್ನಡಿಗರು ಅನೇಕರು. ತಮ್ಮ ಮನೆಯ ಕಥೆಯನ್ನು ಬಲ್ಲವರು ಕಡಮೆ. 1891ರಲ್ಲಿ ಆರಂಭವಾಗಿ ದಶಕಗಳ ಕಾಲ ಬಿಳಿಯ ಪಲ್ಟನುಗಳ ಸೊತ್ತಾಗಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಮೊತ್ತಮೊದಲಿಗೆ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದನ್ನು ಗೆದ್ದವರು ಅವರೇ. ಮೋಹನ್ ಬಾಗಾನಿನ ಹೆಸರನ್ನು ಗೌರವದಿಂದ ಹೇಳುವ ನಮ್ಮ ತರುಣರು ಈ ಹೆಸರನ್ನೂ ಅದರ ಜೊತೆಗಿಟ್ಟು ಹೇಳಲು ಕಲಿಯಬೇಕು.