ಚೆನ್ನಮ್ಮಾಜಿಯ ತಂದೆ ಕೋಟಿಪುರದ ಸಿದ್ದಪ್ಪಶೆಟ್ಟಿ: ಒಂದು ಚರಿತ್ರವಿಚಾರ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಕೆಳದಿಯ ಅರಸರ ಹೆಸರನ್ನು ಕೇಳದ ಸದ್ಭಕ್ತರು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಇರಲಾರರು. ಕೆಳದಿ, ಇಕ್ಕೇರಿ, ಬಿದನೂರು ಎಂಬ ಮೂರು ರಾಜಧಾನಿಗಳೂ, ಭುವನಗಿರಿಯೆನಿಸಿದ ಕವಲೇದುರ್ಗವೂ ಈ ಮೂರು ಸೀಮೆಗಳ ಒಳಗೇ ಇರುವವು. ಆ ಅರಸುಮನೆತನದಲ್ಲಿ ರಾಣಿ ಚೆನ್ನಮ್ಮಾಜಿಯ ಹೆಸರು ಭಕ್ತರ ನಾಲಗೆಯ ಮೇಲೆ ಇಂದಿಗೂ ನಿಂತಿದೆ. ಕ್ರಿ.ಶ. ೧೬೮೯ರಲ್ಲಿ ಶಿವಾಜಿಯ ಮಗನಾದ ರಾಜಾರಾಮನು ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೋಗುತ್ತಿರುವಾಗ ಆತನಿಗೆ ಆಶ್ರಯವಿತ್ತು ಕಾಪಾಡಿದ ಮಹಾತಾಯಿ ಈಕೆಯೇ. ಜಂಗಮರಿಗೂ ಮಠಗಳಿಗೂ ಈಕೆ ಬಿಟ್ಟ ಉಂಬಳಿಗಳು ಶಾಸನಗಳಲ್ಲಿ ಕಾಣಬರುತ್ತವೆ.

ಶ್ರೀಮಠದ ಈ ಮಹೋತ್ಸವ ಸಂಪುಟಕ್ಕೆ ಲೇಖನಗಳನ್ನು ಕೂಡಿಸುತ್ತಿರುವ ಕಾಲದಲ್ಲಿ ಒಂದು ಊರಿನ ಭಕ್ತರು ನಮ್ಮಲ್ಲಿಗೆ ಬಂದು, “ಅಯ್ಯನವರೇ, ಚೆನ್ನಮ್ಮಾಜಿಯ ತಂದೆ ಸಿದ್ದಪ್ಪಶೆಟ್ಟರು ನಮ್ಮ ಮನೆತನದ ಮೂಲಪುರುಷರು, ಶ್ರೀಮಠದ ಶಿಷ್ಯರು. ಇದೊಂದು ಮಾತು ಸಂಪುಟದಲ್ಲಿ ಬರಬೇಕು” ಎಂದು ಬಿನ್ನವಿಸಿದರು. ಎಂಟು ದಿನ ಕಳೆಯುವಷ್ಟರಲ್ಲಿ ಬೇರೊಂದು ಊರಿನ ಭಕ್ತರೂ ಬಂದು ಅದೇ ಮಾತನ್ನು ತಮ್ಮ ಮನೆತನದ ವಿಷಯವಾಗಿ ಹೇಳಿದರು. ಇಬ್ಬರದೂ ನಿರ್ಮಲವಾದ ಭಕ್ತಿಯೇ ಸರಿ. ಇಬ್ಬರ ಮಾತೂ ಏಕಕಾಲದಲ್ಲಿ ನಿಜವಾಗಲಾರದು. ಮಠದ ಸಂಪುಟದಲ್ಲಿ ಇಂದು ಅಚ್ಚಾದ ಮಾತು ಐವತ್ತು ವರ್ಷ ಕಳೆದ ಮೇಲೆ ಆಧಾರವೆಂದು ಎತ್ತಿ ತೋರಿಸಲ್ಪಡುವುದು. ಆದಕಾರಣ ಸಿದ್ದಪ್ಪಶೆಟ್ಟಿಯ ವಿಷಯವಾಗಿ ಆಧಾರಗಳು ಏನು ಹೇಳುತ್ತವೆ, ಎಲ್ಲಿಗೆ ನಿಲ್ಲುತ್ತವೆ ಎಂಬುದನ್ನು ವಿಚಾರಿಸಿಯೇ ಬರೆಯುವುದು ಯುಕ್ತವೆಂದು ತೋರಿತು.

ಮೊದಲನೆಯದಾಗಿ, ಇರುವ ಆಧಾರವನ್ನು ನೋಡೋಣ. ಕೆಳದಿಯ ಚರಿತ್ರೆಗೆ ಮುಖ್ಯ ಆಕರವೆನಿಸಿದ್ದು ಲಿಂಗಣ್ಣಕವಿಯ ‘ಕೆಳದಿನೃಪವಿಜಯ’. ಶಾಮಾಶಾಸ್ತ್ರಿಗಳು ಇದನ್ನು ಪರಿಶೋಧಿಸಿ ೧೯೨೧ರಲ್ಲಿ ಮೈಸೂರಿನಲ್ಲಿ ಅಚ್ಚುಹಾಕಿಸಿದರು. ಈ ಕಾವ್ಯವನ್ನು ಅನುಸರಿಸಿಯೇ ಚರಿತ್ರಕಾರರು ಚೆನ್ನಮ್ಮಾಜಿಯನ್ನು ಕೋಟಿಪುರದ ಸಿದ್ದಪ್ಪಶೆಟ್ಟಿಯ ಮಗಳೆಂದು ಬರೆದಿರುವರು. ಊರು, ಹೆಸರು, ವೃತ್ತಿಯನ್ನು ಸೂಚಿಸುವ ಶೆಟ್ಟಿ ಎಂಬ ಪದ, ಮಗಳ ಸಂಬಂಧ, ಈ ನಾಲ್ಕು ಅಂಶಗಳು ಇದರಿಂದ ದೊರೆಯುತ್ತವೆ. ಸೋಮಶೇಖರನಾಯಕನು ರಾಮೇಶ್ವರನ ಜಾತ್ರೆಯಲ್ಲಿ ಚೆನ್ನಮ್ಮನನ್ನು ಕಂಡು ಮೆಚ್ಚಿ ವರಿಸಿದನೆಂಬ ಕಥೆಯನ್ನು ನಮ್ಮ ಹಿರಿಯರು ಮನೆಮನೆಯಲ್ಲಿ ಹೇಳುತ್ತ ಬಂದಿರುವರು. ಅದು ಮನೋಹರವಾದ ಕಥೆ; ಶೆಟ್ಟಿಯ ಕುಲಗೋತ್ರಗಳನ್ನು ತಿಳಿಸುವ ಆಧಾರವಲ್ಲ.

ಇನ್ನು ಶಾಸನಗಳು. ರೈಸ್ ಸಾಹೇಬರು ಸಂಗ್ರಹಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ೮ನೆಯ ಸಂಪುಟವು ೧೯೦೪ರಲ್ಲಿ ಹೊರಬಿದ್ದಿತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ; ಅಂದು ನಗರ ತಾಲ್ಲೂಕೆನಿಸಿದ್ದೇ ಇಂದಿನ ಹೊಸನಗರ ತಾಲ್ಲೂಕು. ಕೆಳದಿಯವರ ದಾನಶಾಸನಗಳಿಗೆ ಒಂದು ನಿಯತವಾದ ಕ್ರಮವುಂಟು: ಬಿರುದಾವಳಿ, ಅರಸನ ವಂಶಾನುಕ್ರಮ, ದಾನ ಪಡೆದವರ ಹೆಸರು, ಭೂಮಿಯ ಎಲ್ಲೆ, ಕಡೆಗೆ ದಾನವನ್ನು ಅಳಿದವರಿಗೆ ಶಾಪ. ಚೆನ್ನಮ್ಮಾಜಿಯ ಶಾಸನಗಳಲ್ಲಿ ಆಕೆಯನ್ನು ಗುರುತಿಸುವುದು ಪತಿಯ ವಂಶದಿಂದ, ಸೋಮಶೇಖರನಾಯಕರ ಧರ್ಮಪತ್ನಿಯೆಂದು. ತವರಿನ ಹೆಸರಿಗೆ ಆ ಕ್ರಮದಲ್ಲಿ ಸ್ಥಳವೇ ಇಲ್ಲ. ಆದುದರಿಂದ, ‘ಶಾಸನದಲ್ಲಿ ತಂದೆಯ ಮಾತಿಲ್ಲ, ಆತನನ್ನು ಬೇಕೆಂದೇ ಮರೆಮಾಡಿದ್ದಾರೆ’ ಎಂದು ಯಾರಾದರೂ ವಾದಿಸಿದರೆ ಅದು ಶಾಸನದ ರೀತಿಯನ್ನು ಅರಿಯದ ವಾದವು. ಹೊಲದ ಎಲ್ಲೆಯನ್ನು ಹೇಳಲು ಹುಟ್ಟಿದ ಬರಹವು ಬೀಗರ ವೃತ್ತಾಂತವನ್ನು ಹೇಳಲಿಲ್ಲವೆಂದು ಅದರ ಮೇಲೆ ತಪ್ಪು ಹೊರಿಸಲಾಗದು.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಶಿವಪ್ಪನಾಯಕನ ತಂದೆಯ ಹೆಸರೂ ಸಿದ್ದಪ್ಪನೆಂದೇ. ಆತನು ಸಿದ್ದಪ್ಪನಾಯಕ, ಸೋಮಶೇಖರನಾಯಕನಿಗೆ ಅಜ್ಜ. ಶಾಸನದ ವಂಶಾವಳಿಯಲ್ಲಿ ‘ಸಿದ್ದಪ್ಪ’ ಎಂಬ ಅಕ್ಷರಗಳನ್ನು ಕಂಡೊಡನೆ, ‘ಇದೋ ಚೆನ್ನಮ್ಮಾಜಿಯ ತಂದೆ ಸಿಕ್ಕಿದರು’ ಎಂದು ಹಿಗ್ಗುವವರು ಆಕೆಯ ಗಂಡನ ಅಜ್ಜನನ್ನು ತಂದೆಯ ಸ್ಥಾನದಲ್ಲಿ ಕೂರಿಸಿದಂತಾಗುವುದು. ಹೆಸರು ಒಂದಾದ ಮಾತ್ರಕ್ಕೆ ವ್ಯಕ್ತಿ ಒಬ್ಬನಾಗನು.

ಚೆನ್ನಮ್ಮಾಜಿಯ ದತ್ತುಪುತ್ರನಾದ ಬಸಪ್ಪನಾಯಕನು ೧೭೦೯ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಗ್ರಂಥವು ಆಕೆಯ ಕಾಲಕ್ಕೆ ಅತಿ ಸಮೀಪವಾದುದು. ತಂದೆಯು ಮಗನಾದ ಸೋಮಶೇಖರನಿಗೆ ಉಪದೇಶಿಸುವ ರೂಪದಲ್ಲಿ ಅದು ಸಕಲ ಶಾಸ್ತ್ರಗಳನ್ನೂ ತನ್ನ ರಾಜವಂಶದ ಚರಿತ್ರೆಯನ್ನೂ ಹೇಳುತ್ತದೆ. ವರ್ತಕರ ಮನೆತನಗಳ ಚರಿತ್ರೆಯನ್ನು ಬರೆಯುವುದು ಅದರ ಉದ್ದೇಶವಲ್ಲ. ಹೊರನಾಡಿನವರ ಬರಹಗಳ ರೀತಿಯೂ ಹೀಗೆಯೇ. ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಯಾತ್ರಿಕನು ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯ ಸಂಗಡ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದು, ಕಂಡದ್ದನ್ನು ಬರೆದಿಟ್ಟನು. ಅಂಥವರ ಕಣ್ಣು ಅರಸನ ಮೇಲೂ ಮೆಣಸಿನ ಮೇಲೂ ಇದ್ದಿತು. ಮೆಣಸನ್ನು ಎತ್ತಿನ ಮೇಲೆ ಹೇರಿ ಘಟ್ಟವಿಳಿಸುತ್ತಿದ್ದ ಶೆಟ್ಟಿಗಳ ಕುಲಮೂಲವನ್ನು ವಿಚಾರಿಸುವುದು ಅವರ ಕೆಲಸವಾಗಿರಲಿಲ್ಲ.

ಹಾಗಾದರೆ ವರ್ತಕರ ಸ್ವಂತ ಬರಹಗಳೆಲ್ಲಿ ಹೋದವು? ಅರಸನು ಕಲ್ಲಿನ ಮೇಲೂ ತಾಮ್ರದ ಮೇಲೂ ಬರೆಯಿಸಿದನು. ಶೆಟ್ಟಿಯು ಕಡತದ ಮೇಲೆ ಬರೆದನು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಪದರಪದರವಾಗಿ ಮಡಿಸಿ, ಬಳಪದಿಂದ ಬರೆಯುವುದು ಕಡತದ ಕ್ರಮ. ಲೆಕ್ಕ ತೀರಿದ ಮೇಲೆ ಅದನ್ನು ಒರೆಸಿ ಮತ್ತೆ ಬರೆಯಬಹುದು. ಸಾಲ ತೀರಿದಂತೆ ಅದರ ಬರಹವೂ ಅಳಿಯಿತು. ಉಳಿದುದನ್ನು ಮಲೆನಾಡಿನ ಮಳೆಯೂ ಗೆದ್ದಲೂ ತಿಂದವು. ಅಲ್ಲದೆ ೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಅರಮನೆಗೆ ಬೆಂಕಿ ಬಿದ್ದಿತು, ನಗರವು ಸೂರೆಯಾಯಿತು. ೧೭೮೩ರಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸನು ಅದನ್ನು ಹಿಡಿದಾಗಲೂ, ಟಿಪ್ಪುಸುಲ್ತಾನನು ಮತ್ತೆ ಮುತ್ತಿ ಗೆದ್ದಾಗಲೂ ಪುನಃ ಹಾನಿಯಾಯಿತು. ಅರಸನ ಮಾತು ಹೆಚ್ಚಾಗಿ ಉಳಿದು ಶೆಟ್ಟಿಯ ಮಾತು ಕಡಿಮೆಯಾಗಿ ಉಳಿದುದಕ್ಕೆ ಕಾರಣ ಇಷ್ಟೇ. ಬರಹ ಉಳಿಯದ ಮಾತ್ರಕ್ಕೆ ಶೆಟ್ಟಿಯು ಅಲ್ಪನಾಗಿದ್ದನೆಂದು ಹೇಳಕೂಡದು.

ಊರಿನ ವಿಷಯ. ಕೋಟಿಪುರವೆಂದರೆ ಯಾವುದು? ಸೊರಬ ಸೀಮೆಯ ಆನವಟ್ಟಿಯ ಹತ್ತಿರ ಕೈಟಭೇಶ್ವರನ ಗುಡಿಯಿಂದ ಪ್ರಸಿದ್ಧವಾದ ಕೋಟಿಪುರವುಂಟು. ಇತ್ತ ಕೆಲವರು ಚೆನ್ನಮ್ಮಾಜಿಯ ತವರು ಘಟ್ಟದ ಕೆಳಗಿನ ಕುಂದಾಪುರವೆಂದು ಹೇಳುವರು. ಅದರ ನೆರೆಯ ಕೋಟೇಶ್ವರದಲ್ಲಿ ಕೋಟಿಲಿಂಗೇಶ್ವರನೂ ಇರುವನು. ಹೆಸರಿನ ಸಾಮ್ಯವನ್ನು ನೋಡಿದರೆ ಆನವಟ್ಟಿಯ ಪಕ್ಷವು ಬಲವಾಗಿ ತೋರುವುದು. ವ್ಯಾಪಾರದ ದಾರಿಯನ್ನು ನೋಡಿದರೆ, ಬಿದನೂರಿನ ಅಡಕೆ ಮೆಣಸುಗಳು ಹೊಸಂಗಡಿಯ ಘಟ್ಟವಿಳಿದು ಕುಂದಾಪುರ, ಬಸರೂರುಗಳ ಕಡಲಿಗೆ ಸೇರುತ್ತಿದ್ದುದರಿಂದ, ಎರಡನೆಯ ಪಕ್ಷಕ್ಕೂ ಆಸ್ಪದವುಂಟು. ಆದರೆ ಕಿವಿಗೆ ಕೇಳಿದ ಸಾಮ್ಯವೊಂದರಿಂದಲೇ ಊರನ್ನು ನಿರ್ಣಯಿಸುವುದು ಅಪಾಯಕರವು. ನಮ್ಮ ಸೀಮೆಯ ರಾಜಧಾನಿಯನ್ನೇ ನೋಡಿರಿ: ಬಿದರಹಳ್ಳಿಯು ಬಿದರೂರಾಗಿ, ಬಿದನೂರಾಗಿ, ಹೈದರನಗರವಾಗಿ, ಇಂದು ಬರಿಯ ನಗರವಾಗಿದೆ, ಕಲ್ಲೂರುಕಟ್ಟೆಯೆಂಬ ಬೇರೊಂದು ಗ್ರಾಮವು ಹೊಸನಗರವಾಗಿದೆ. ಈ ಕ್ರಮವನ್ನು ತಿಳಿಯದವನು ಹಳೆಯ ಪತ್ರದಲ್ಲಿ ‘ನಗರ’ವೆಂಬುದನ್ನು ಓದಿ ಹೊಸನಗರದ ಪೇಟೆಯಲ್ಲಿ ಅರಮನೆಯನ್ನು ಹುಡುಕಿಯಾನು! ಆದುದರಿಂದ ಕೋಟಿಪುರವನ್ನು ಕೋಟಿಪುರವೆಂದೇ ಬರೆದು, ಎರಡು ಪಕ್ಷಗಳನ್ನೂ ಹೇಳುವುದು ನ್ಯಾಯವು.

ಕಾಲಗಣನೆಯಲ್ಲಿಯೂ ಇಂತಹ ತಾಳ್ಮೆ ಬೇಕು. ಚೆನ್ನಮ್ಮಾಜಿಯ ಪಟ್ಟದ ವರ್ಷವನ್ನು ಒಬ್ಬರು ೧೬೭೧ ಎಂದೂ ಮತ್ತೊಬ್ಬರು ೧೬೭೨ ಎಂದೂ ಬರೆಯುವರು. ಶಕವರ್ಷ ೧೫೯೩, ವಿರೋಧಿಕೃತ್ ಸಂವತ್ಸರವು ೧೬೭೧ರ ಚೈತ್ರದಲ್ಲಿ ತೊಡಗಿ ೧೬೭೨ರ ಫಾಲ್ಗುಣದಲ್ಲಿ ಮುಗಿಯಿತು. ಎರಡು ಅಂಕಿಗಳನ್ನು ಕಂಡು ಒಬ್ಬರು ಸುಳ್ಳುಗಾರರೆನ್ನುವ ಮೊದಲು ಪಂಚಾಂಗವನ್ನು ತೆರೆದು ನೋಡತಕ್ಕದ್ದು.

ಇನ್ನು ‘ಶೆಟ್ಟಿ’ ಎಂಬ ಪದ. ಸಂಸ್ಕೃತದ ಶ್ರೇಷ್ಠಿ ಶಬ್ದದಿಂದ ಬಂದ ಇದು ಮೊದಲಿಗೆ ವರ್ತಕಪ್ರಮುಖನ ಗೌರವನಾಮ. ವೀರಶೈವ ಬಣಜಿಗರಲ್ಲಿ ಶೆಟ್ಟರುಂಟು, ಜೈನರಲ್ಲಿ ಉಂಟು, ಕೋಮಟಿಗರಲ್ಲಿ ಉಂಟು, ಕರಾವಳಿಯ ಬಂಟರಲ್ಲಿಯೂ ಉಂಟು. ಈ ಒಂದು ಪದದಿಂದಲೇ ಸಿದ್ದಪ್ಪಶೆಟ್ಟಿಯ ಕುಲವು ಸಿದ್ಧವಾಗದು. ಆತನನ್ನು ಲಿಂಗವಂತನೆಂದು ಹೇಳುವ ಪರಂಪರೆಯು ಪ್ರಬಲವಾಗಿದೆ. ಮಗಳನ್ನು ತಂದ ಮನೆಯು ಶಿವಾಚಾರದಲ್ಲಿ ನಿಷ್ಠವಾಗಿದ್ದುದರಿಂದ ಅದು ಸಂಗತವೂ ಆಗಿದೆ. ಆದರೂ ಸಂಗತವಾದುದು ಬೇರೆ, ಬರೆದಿಟ್ಟುದು ಬೇರೆ. ಇವೆರಡನ್ನೂ ಒಂದೇ ಮಸಿಯಲ್ಲಿ ಬರೆಯಬಾರದು.

ಅಪೂರ್ಣವಾದ ದಾಖಲೆಯನ್ನು ಓದುವವರಿಗೆ ಎರಡು ದೋಷಗಳು ಸಂಭವಿಸುವವು. ಒಂದು, ಬಿಟ್ಟ ಸ್ಥಳವನ್ನು ಅಭಿಮಾನದಿಂದ ತುಂಬುವುದು: ‘ಆತನು ಕೋಟ್ಯಧೀಶನಾಗಿದ್ದನು, ನಮ್ಮ ವಂಶದವನೇ ಆಗಿದ್ದನು’ ಎಂದು. ಇನ್ನೊಂದು, ಅದನ್ನು ತಾತ್ಸಾರದಿಂದ ತುಂಬುವುದು: ‘ಏನೋ ಅಂಗಡಿಯವನ ಮಗಳು; ಆದುದರಿಂದಲೇ ತಂದೆಯ ಸುದ್ದಿಯನ್ನು ಅಡಗಿಸಿದರು’ ಎಂದು. ಮೊದಲನೆಯದು ಭಕ್ತಿಯ ವೇಷವನ್ನೂ ಎರಡನೆಯದು ವಿಮರ್ಶೆಯ ವೇಷವನ್ನೂ ಧರಿಸಿ ಬರುತ್ತದೆ. ಎರಡೂ ಇಲ್ಲದ ಮಾತನ್ನು ಸತ್ತವನ ಬಾಯಲ್ಲಿ ಇಡುವ ಕೆಲಸವೇ. ಸತ್ತವನು ಎದ್ದು ಬಂದು ‘ಹೀಗಲ್ಲ’ ಎನ್ನಲಾರನು. ಆದಕಾರಣ ಬರೆಯುವವನ ಭಾರ ಹೆಚ್ಚು.

ಭಕ್ತರಿಗೆ ನಾವು ವಿನಯದಿಂದ ಹೇಳುವುದು ಇಷ್ಟು. ಕಾಯಕವನ್ನೇ ಮೇಲುಮಾಡಿದ ಶರಣರ ಮಾರ್ಗ ನಮ್ಮದು. ಆ ಮಾರ್ಗದಲ್ಲಿ ಮನುಷ್ಯನ ಹಿರಿಮೆಗೆ ಕುಲದ ಸಾಕ್ಷಿ ಬೇಕಾಗಿಲ್ಲ. ಶೆಟ್ಟಿಯ ವಿಷಯದಲ್ಲಿ ಉಳಿದ ಅಲ್ಪ ಬರಹದಲ್ಲಿಯೂ ಆತನ ಕಾಯಕದ ಹೆಸರು ಉಳಿದಿದೆ. ವ್ಯಾಪಾರಿಯೊಬ್ಬನ ಮಗಳು ನಾಡನ್ನು ೨೫ ವರ್ಷಗಳ ಕಾಲ ಆಳಿ, ಶರಣುಬಂದವನನ್ನು ಕಾಯ್ದಳೆಂಬುದಕ್ಕಿಂತ ದೊಡ್ಡ ವಂಶಾವಳಿಯನ್ನು ನಾವು ಕಟ್ಟಿಕೊಡಲಾರೆವು.

ಆದುದರಿಂದ ಈ ಸಂಪುಟದಲ್ಲಿ ನಾವು ಬರೆಯುವುದು ಹೀಗೆ: ‘ಚೆನ್ನಮ್ಮಾಜಿಯ ತಂದೆ ಕೋಟಿಪುರದ ಸಿದ್ದಪ್ಪಶೆಟ್ಟಿ, ವರ್ತಕ, ಆತನು ಲಿಂಗವಂತನೆಂಬುದು ಪರಂಪರೆ.’ ಇದಕ್ಕೆ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಎರಡು ಊರುಗಳ ಭಕ್ತರೂ ಮನ್ನಿಸಬೇಕು. ಅವರ ಮನೆಯ ಅಟ್ಟದಲ್ಲಿ ಹಳೆಯ ಕಡತವೋ ತಾಳೆಯೋಲೆಯೋ ತಾಮ್ರಪಟವೋ ಇದ್ದರೆ, ಮಡಿಯೆಂದು ಹೊಳೆಗೆ ಬಿಡದೆ, ಕಸವೆಂದು ಒಲೆಗೆ ಹಾಕದೆ, ಶ್ರೀಮಠಕ್ಕಾಗಲಿ ಕೆಳದಿಯ ವಸ್ತುಸಂಗ್ರಹಾಲಯಕ್ಕಾಗಲಿ ತಂದು ತೋರಿಸಲಿ. ಅದರಲ್ಲಿ ಶೆಟ್ಟಿಯ ಮಾತಿದ್ದರೆ ಮುಂದಿನ ಮಹೋತ್ಸವದ ಸಂಪುಟವು ನಮ್ಮ ಈ ವಾಕ್ಯವನ್ನು ಸಂತೋಷದಿಂದ ತಿದ್ದಿಕೊಳ್ಳುವುದು. ಅಲ್ಲಿಯ ತನಕ ಬಿಟ್ಟ ಸ್ಥಳವು ಬಿಟ್ಟ ಸ್ಥಳವಾಗಿಯೇ ಇರಲಿ. ಅದೂ ಪೂರ್ವಿಕರಿಗೆ ನಾವು ಸಲ್ಲಿಸುವ ಒಂದು ಗೌರವವು.

॥ ಶಿವಂ ಭೂಯಾತ್ ॥